ವೃದ್ಧಾಪ್ಯದಲ್ಲಿ ಹೆಜ್ಜೆಯ ಎಚ್ಚರ

ವಯಸ್ಸು ಅರವತ್ತನ್ನು ದಾಟಿದ ಮೇಲೆ ನಾವು ಮದುವೆಯ ಮಂಟಪಗಳಿಗೆ ಹೋಗುವುದಕ್ಕಿಂತ ಶಿವಗಣಾರಾಧನೆಯ ಪಂಕ್ತಿಗಳಲ್ಲಿ ಕುಳಿತುಕೊಳ್ಳುವುದೇ ಹೆಚ್ಚಾಗಿದೆ. ಅಲ್ಲಿ ಮನೆಯವರನ್ನು ಮಾತನಾಡಿಸುತ್ತ, ಲಿಂಗೈಕ್ಯರಾದ ಹಿರಿಯರಿಗೆ ಏನಾಗಿತ್ತೆಂದು ವಿಚಾರಿಸಿದರೆ, ಊರು ಬೇರೆಯಾದರೂ ಮನೆತನ ಬೇರೆಯಾದರೂ ಒಂದೇ ಉತ್ತರ ಮತ್ತೆ ಮತ್ತೆ ನಮ್ಮ ಕಿವಿಗೆ ಬಿದ್ದಿದೆ: “ಅರಾಮನ ಇದ್ರರಿ ಶಾಸ್ತ್ರಿಗಳ. ಬಚ್ಚಲದಾಗ ಕಾಲು ಜಾರಿ ಬಿದ್ರು. ಅಷ್ಟ ನೆಪ ಆತು ನೋಡ್ರಿ.”

“ನೆಪ” ಎಂಬ ಈ ಮಾತಿನ ಬಳಿ ತುಸು ನಿಲ್ಲಬೇಕೆನಿಸುತ್ತದೆ. ಮಠದ ಪಾಠಶಾಲೆಯಲ್ಲಿ ತರ್ಕವನ್ನು ಓದುವಾಗ ಕಾರಣಕ್ಕೂ ಕಾಕತಾಳೀಯಕ್ಕೂ ಇರುವ ಭೇದವನ್ನು ನಮಗೆ ತಿಂಗಳುಗಟ್ಟಲೆ ತಿದ್ದಿ ಕಲಿಸಿದ್ದರು. ಕಾಗೆ ಬಂದು ಕುಳಿತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧ ಇಲ್ಲದಿರಬಹುದು. ಆದರೆ ಸೋಪಿನ ನೀರು ನಿಂತ ನುಣುಪು ಹಾಸಿಗೂ ಅದರ ಮೇಲೆ ಕಾಲಿಟ್ಟ ಎಂಬತ್ತರ ಹಿರಿಯರು ಬಿದ್ದದ್ದಕ್ಕೂ ಸಂಬಂಧವಿಲ್ಲವೆಂದು ಯಾವ ತಾರ್ಕಿಕನೂ ವಾದಿಸಲಾರ. ಅದು ನೆಪವಲ್ಲ, ಕಾರಣ. ಕಾರಣವಾದ್ದರಿಂದಲೇ ಅದನ್ನು ತೆಗೆದುಹಾಕುವುದಕ್ಕೂ ಸಾಧ್ಯವಿದೆ. ನಾವು ವೈದ್ಯರಲ್ಲ, ಸಂಸ್ಕೃತ, ಕನ್ನಡಗಳ ಪಾಠ ಹೇಳಿಕೊಂಡು ಬಂದವರು. ಆದರೂ ಈ ವಿಷಯವನ್ನು ಕುರಿತು ಕಳೆದ ಕೆಲವು ವರ್ಷಗಳಲ್ಲಿ ಬಲ್ಲವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ವಾಚಕ ಬಂಧುಗಳ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಇದರ ವ್ಯಾಪ್ತಿ ಎಷ್ಟೆಂಬುದನ್ನು ನೋಡೋಣ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ತಿಳಿಸಿದ ಅಂದಾಜಿನಂತೆ ಜಗತ್ತಿನಲ್ಲಿ ವರ್ಷವೊಂದಕ್ಕೆ 6 ಲಕ್ಷ 84 ಸಾವಿರ ಜನ ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ. ಅಪಘಾತದ ಸಾವುಗಳಲ್ಲಿ ರಸ್ತೆಯ ಅಪಘಾತಗಳನ್ನು ಬಿಟ್ಟರೆ ಎರಡನೆಯ ಸ್ಥಾನ ಇದಕ್ಕೆ. ಹೀಗೆ ಸಾಯುವವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ನಮ್ಮಂಥ ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ವಯಸ್ಸಿನ ಲೆಕ್ಕದಲ್ಲಿ ಅರವತ್ತು ದಾಟಿದವರೇ ಅಧಿಕ. 2011ರ ಜನಗಣತಿಯ ವೇಳೆಗೇ ಭಾರತದಲ್ಲಿ ಅರವತ್ತು ದಾಟಿದವರು ಹತ್ತು ಕೋಟಿಯನ್ನು ಮೀರಿದ್ದರು. ರಸ್ತೆಯಲ್ಲಿ ಬಸ್ಸು ಉರುಳಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಬಚ್ಚಲಲ್ಲಿ ಉರುಳಿದ ಅಜ್ಜಿಯ ಸುದ್ದಿ ಓಣಿಯನ್ನೂ ದಾಟುವುದಿಲ್ಲ.

ನಮಗೆ ಕೌಮುದಿಯ ಪಾಠ ಹೇಳಿದ ಗುರುಗಳು 2009ರ ಚಳಿಗಾಲದಲ್ಲಿ ಬಿದ್ದರು. ಆಗ ಅವರಿಗೆ ಎಂಬತ್ತನಾಲ್ಕು. ಕನ್ನಡಕವಿಲ್ಲದೆ ತಾಡವೋಲೆಯನ್ನು ಓದಬಲ್ಲವರಾಗಿದ್ದರು. ದಿನಕ್ಕೆ ಎರಡು ಹೊತ್ತು ಪಾಠ ತಪ್ಪಿದ್ದಿಲ್ಲ. ಅವರ ಸ್ನಾನದ ಮನೆಗೆ ಭಕ್ತರೊಬ್ಬರು ಬಹಳ ಪ್ರೀತಿಯಿಂದ, ಕನ್ನಡಿಯಂತೆ ಹೊಳೆಯುವ ಹೊಸ ಹಾಸುಗಲ್ಲು ಹಾಕಿಸಿ ಆರು ತಿಂಗಳೂ ಆಗಿರಲಿಲ್ಲ. ನಸುಕಿನ ನಾಲ್ಕು ಗಂಟೆಗೆ, ಕರೆಂಟು ಹೋಗಿದ್ದ ಹೊತ್ತಿನಲ್ಲಿ, ಸ್ನಾನ ಮುಗಿಸಿ ಏಳುವಾಗ ಎಡಕ್ಕೆ ಒರಗಿ ಬಿದ್ದರು. ತೊಡೆಯ ಮೂಳೆಯು ಟೊಂಕದ ಕೀಲಿಗೆ ಸೇರುವ ಜಾಗದಲ್ಲಿ ಮುರಿದಿತ್ತು. ಆಮೇಲೆ ನಡೆದದ್ದು ನಾಲ್ಕು ದಿನಗಳ ಚರ್ಚೆ. ಪೂಜ್ಯರ ಶರೀರಕ್ಕೆ ಶಸ್ತ್ರ ಮುಟ್ಟಿಸುವುದೇ ಎಂದು ಕೆಲವರು, ಮೂಳೆ ಕಟ್ಟುವ ನಾಟಿ ವೈದ್ಯರನ್ನು ಕರೆಸೋಣವೆಂದು ಕೆಲವರು, ಈ ವಯಸ್ಸಿನಲ್ಲಿ ಆಪರೇಷನ್ ತಾಳಲಾರರೆಂದು ಮತ್ತೆ ಕೆಲವರು. ದೂರದ ಊರಿನಲ್ಲಿದ್ದ ನಾವು ಸುದ್ದಿ ತಿಳಿದು ಮಠವನ್ನು ಮುಟ್ಟುವಷ್ಟರಲ್ಲಿ ಗುರುಗಳನ್ನು ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಸೇರಿಸಲು ಆಗತಾನೆ ಹೊರಡಿಸುತ್ತಿದ್ದರು. ಶಸ್ತ್ರಚಿಕಿತ್ಸೆ ಆಯಿತು. ಆದರೆ ಅಷ್ಟರಲ್ಲಿ ಬೆನ್ನಿಗೆ ಹಾಸಿಗೆಹುಣ್ಣು ಮೂಡಿತ್ತು. ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಆಗಿತ್ತು. ಮೂರನೆಯ ತಿಂಗಳಲ್ಲಿ ಲಿಂಗೈಕ್ಯರಾದರು. ಅವರೊಡನೆ, ಅವರು ಬಾಯಿಪಾಠದಲ್ಲಿಟ್ಟುಕೊಂಡಿದ್ದ ಎಷ್ಟೋ ಟೀಕಾವಾಕ್ಯಗಳು ಹೋದವು. ಆ ಪಾಠವನ್ನು ಈಗ ಕೇಳಬೇಕೆಂದರೆ ಯಾರನ್ನು ಕೇಳುವುದು?

ಟೊಂಕದ ಮುರಿತವೆಂಬುದು ಕೈಮುರಿತದಂತೆ ಸಾಮಾನ್ಯವಲ್ಲ. ಹೀಗೆ ಮುರಿದುಕೊಂಡ ಹಿರಿಯರಲ್ಲಿ ಐವರಿಗೆ ಒಬ್ಬರಾದರೂ ವರ್ಷದೊಳಗೆ ತೀರಿಹೋಗುತ್ತಾರೆಂದು ಹಲವು ದೇಶಗಳ ಲೆಕ್ಕ ಹೇಳುತ್ತದೆ. ಉಳಿದವರಲ್ಲಿ ಅನೇಕರಿಗೆ ಮೊದಲಿನ ನಡಿಗೆ ಬರುವುದಿಲ್ಲ. ಕೊಲ್ಲುವುದು ಮುರಿದ ಮೂಳೆಯಲ್ಲ, ಅದು ಹಿಡಿಸುವ ಹಾಸಿಗೆ. ಆದುದರಿಂದಲೇ ಸಾಧ್ಯವಾದರೆ ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ, ಆದಷ್ಟು ಬೇಗ ರೋಗಿಯನ್ನು ಎಬ್ಬಿಸಿ ನಿಲ್ಲಿಸಬೇಕೆಂಬುದು ಇಂದಿನ ವೈದ್ಯರ ಒಮ್ಮತ. ಬಿದ್ದ ಹಿರಿಯರ ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ, ಎಣ್ಣೆ ಹಚ್ಚಿ ತಿಕ್ಕುವುದು ಬೇಡ, ಕಟ್ಟು ಕಟ್ಟುವುದು ಬೇಡ, ಎಬ್ಬಿಸಿ ನಡೆಸಿ ನೋಡುವುದಂತೂ ಬೇಡವೇ ಬೇಡ. 108ಕ್ಕೆ ಫೋನು ಮಾಡಿ ಮಲಗಿಸಿಕೊಂಡೇ ಒಯ್ಯಬೇಕು.

ಹಾಗಾದರೆ ವಯಸ್ಸಾದವರು ಬೀಳುವುದೇಕೆ? ಮನುಷ್ಯನನ್ನು ಎರಡು ಕಾಲಿನ ಮೇಲೆ ನಿಲ್ಲಿಸುವವರು ಮೂವರು: ಕಣ್ಣು, ಒಳಗಿವಿ, ಅಂಗಾಲು ಮತ್ತು ಕೀಲುಗಳ ಸ್ಪರ್ಶಜ್ಞಾನ. ಈ ಮೂವರು ತಂದ ಸುದ್ದಿಯನ್ನು ಮಿದುಳು ಕೂಡಿಸಿ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಯೌವನದಲ್ಲಿ ಒಬ್ಬ ತಪ್ಪಿದರೆ ಇಬ್ಬರು ಸಂಭಾಳಿಸುತ್ತಾರೆ. ಮುಪ್ಪಿನಲ್ಲಿ ಕಣ್ಣಿಗೆ ಪೊರೆ, ಸಕ್ಕರೆ ಕಾಯಿಲೆಯಿಂದ ಅಂಗಾಲಿಗೆ ಮರಗಟ್ಟು, ತೊಡೆಯ ಸ್ನಾಯುಗಳಿಗೆ ಸವಕಳಿ, ಎಲ್ಲವೂ ಕೂಡಿಯೇ ಬರುತ್ತವೆ. ಎಡವುವುದು ಹುಡುಗರೂ ಎಡವುತ್ತಾರೆ. ಆದರೆ ಅವರ ಇನ್ನೊಂದು ಕಾಲು ಥಟ್ಟನೆ ಮುಂದೆ ಬಂದು ದೇಹವನ್ನು ತಡೆಯುತ್ತದೆ. ಮುದುಕರ ಕಾಲು ಬರುವಷ್ಟರಲ್ಲಿ ದೇಹ ನೆಲ ಮುಟ್ಟಿರುತ್ತದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮೇರಿ ಟಿನೆಟ್ಟಿ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಎಪ್ಪತ್ತೈದು ದಾಟಿದ 336 ಜನರನ್ನು ಒಂದು ವರ್ಷ ಗಮನಿಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅವರಲ್ಲಿ 108 ಮಂದಿ ವರ್ಷದೊಳಗೆ ಒಮ್ಮೆಯಾದರೂ ಬಿದ್ದಿದ್ದರು. ನಿದ್ರೆಗುಳಿಗೆಯ ಸೇವನೆ, ಮರೆವು, ಕಾಲುಗಳ ದೌರ್ಬಲ್ಯ, ನಡಿಗೆಯ ದೋಷ, ಪಾದದ ತೊಂದರೆ ಮುಂತಾದವುಗಳಲ್ಲಿ ಒಂದೂ ಇಲ್ಲದವರು ನೂರಕ್ಕೆ ಎಂಟು ಮಂದಿ ಮಾತ್ರ ಬಿದ್ದರೆ, ನಾಲ್ಕು ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ ಎಪ್ಪತ್ತೆಂಟು ಮಂದಿ ಬಿದ್ದಿದ್ದರು. ಮುಪ್ಪೊಂದೇ ಬೀಳಿಸುವುದಾದರೆ ಎಂಟಕ್ಕೂ ಎಪ್ಪತ್ತೆಂಟಕ್ಕೂ ಇಷ್ಟು ಅಂತರ ಏಕೆ ಬಂದೀತು? ಅದೇ ವೈದ್ಯೆ 1994ರಲ್ಲಿ ಇನ್ನೊಂದು ಪ್ರಯೋಗದ ಫಲವನ್ನು ತಿಳಿಸಿದರು. ಔಷಧಿಯನ್ನು ಹೊಂದಿಸಿ, ವ್ಯಾಯಾಮ ಕಲಿಸಿ, ನಡೆವಳಿಕೆ ತಿದ್ದಿದ ಗುಂಪಿನಲ್ಲಿ ವರ್ಷದೊಳಗೆ ಬಿದ್ದವರು ನೂರಕ್ಕೆ 35. ಹಾಗೆ ಮಾಡದ ಗುಂಪಿನಲ್ಲಿ 47. ಪೂರ್ತಿ ನಿಲ್ಲಲಿಲ್ಲ, ನಿಜ. ಆದರೆ ಆ ಹನ್ನೆರಡು ಮಂದಿ ನಮ್ಮ ಮನೆಯವರಾಗಿದ್ದರೆ ಅದು ಸಣ್ಣ ಸಂಖ್ಯೆಯೆನಿಸದು.

ಈಗ ಮನೆಯ ವಿಚಾರಕ್ಕೆ ಬರೋಣ. ಹಳೆಯ ಮನೆಗಳನ್ನು ಹೊಗಳುವುದು ನಮ್ಮ ವಯಸ್ಸಿನವರ ಚಾಳಿ. ಹಳೆಯ ಮನೆಗಳ ಮೊಣಕಾಲೆತ್ತರದ ಹೊಸ್ತಿಲುಗಳೂ ಕತ್ತಲೆಯ ನಡುಮನೆಗಳೂ ಎಷ್ಟು ಜನರನ್ನು ಎಡವಿಸಿವೆಯೆಂಬುದನ್ನು ನಾವು ಮರೆಯುತ್ತೇವೆ. ಆದರೆ ಒಂದು ಮಾತು ಸತ್ಯ: ಅಂಗಳಕ್ಕೆ, ಬಚ್ಚಲಿಗೆ ಹಾಸುವ ಕಲ್ಲನ್ನು ಹಿಂದಿನವರು ಉಳಿಯಿಂದ ಚಚ್ಚಿ ಒರಟು ಮಾಡಿಯೇ ಹಾಸುತ್ತಿದ್ದರು. ಕಾಲು ತೊಳೆದುಕೊಂಡು ಒಳಗೆ ಬರುವುದು ನಮ್ಮ ಪದ್ಧತಿ. ಅಂದರೆ ಮನೆಗೆ ಕಾಲಿಡುವ ಪ್ರತಿಯೊಬ್ಬನ ಅಂಗಾಲೂ ಒದ್ದೆಯಾಗಿರುತ್ತದೆ. ಒದ್ದೆ ಅಂಗಾಲಿಗೂ ಪಾಲಿಶು ಮಾಡಿದ ಗ್ರಾನೈಟಿಗೂ ಎಂದಿಗೂ ಹೊಂದಾಣಿಕೆಯಿಲ್ಲ. ಇಂದು ಮನೆ ಕಟ್ಟಿಸುವವರು ಪಡಸಾಲೆಯಿಂದ ಬಚ್ಚಲಿನವರೆಗೆ, ಮೆಟ್ಟಿಲಿನಿಂದ ಕಟ್ಟೆಯವರೆಗೆ ಒಂದೇ ಹೊಳಪನ್ನು ಹಾಸಿ, ಅದರಲ್ಲಿ ಮುಖ ಕಾಣುತ್ತದೆಂದು ಬಂದವರಿಗೆ ತೋರಿಸುತ್ತಾರೆ. ನೆಲವಿರುವುದು ಮುಖ ನೋಡಿಕೊಳ್ಳುವುದಕ್ಕೆ ಅಲ್ಲವಷ್ಟೆ! ಮಠಗಳಿಗೂ ದೇವಾಲಯಗಳಿಗೂ ಕಲ್ಲು ಹಾಸಿಸುವ ದಾನಿಗಳಲ್ಲಿ ನಮ್ಮ ವಿನಯಪೂರ್ವಕ ಅರಿಕೆ: ತಾವು ಕೊಡುವ ಅದೇ ಗ್ರಾನೈಟು, ಮೇಲ್ಮೈಯನ್ನು ಬೆಂಕಿಯಿಂದ ಸುಟ್ಟು ಒರಟು ಮಾಡಿದ್ದೂ ವ್ಯಾಪಾರಿಗಳಲ್ಲಿ ಸಿಗುತ್ತದೆ. ಕಾಲು ತೊಳೆಯುವ ಸ್ಥಳ, ಮೆಟ್ಟಿಲು, ದಾಸೋಹದ ಮನೆ, ಈ ಮೂರಕ್ಕಾದರೂ ಅದನ್ನೇ ಹಾಸಿಸಿರಿ. ಮೆಟ್ಟಿಲುಗಳಿದ್ದಲ್ಲಿ ಎರಡೂ ಬದಿಗೆ ಹಿಡಿದುಕೊಳ್ಳುವ ಕಂಬಿ ಇರಲಿ, ಮೆಟ್ಟಿಲಿನ ಅಂಚಿಗೆ ಬೇರೆ ಬಣ್ಣದ ಪಟ್ಟಿ ಇರಲಿ. ದಾನಿಗಳ ಹೆಸರನ್ನು ಬೇಕಾದರೆ ಆ ಕಂಬಿಯ ಮೇಲೆಯೇ ಕೆತ್ತಿಸಬಹುದು. ಬೆಳ್ಳಿಯ ಪಾದುಕೆ ಮಾಡಿಸಿಕೊಟ್ಟ ಭಕ್ತರನ್ನು ಅನೇಕರನ್ನು ಕಂಡಿದ್ದೇವೆ. ಪೂಜ್ಯರ ಬಚ್ಚಲಿಗೆ ಕಬ್ಬಿಣದ ಹಿಡಿಕೆ ಹಾಕಿಸಿಕೊಟ್ಟವರನ್ನು ಕಂಡದ್ದು ಬಹಳ ಅಪರೂಪ.

ಬಚ್ಚಲಲ್ಲಿ ಮಾಡಬೇಕಾದದ್ದು ಹೆಚ್ಚಿಲ್ಲ. ಜಾರುವ ಮರದ ಮಣೆಯ ಬದಲು, ಕಾಲಿಗೆ ರಬ್ಬರಿನ ಬಿರಡೆಯಿರುವ ಎತ್ತರದ ಸ್ಟೂಲು. ಕುಳಿತು ಏಳುವಲ್ಲಿ ಗೋಡೆಗೆ ಭದ್ರವಾಗಿ ಕೂರಿಸಿದ ಹಿಡಿಕೆ. ಟವೆಲು ಹಾಕುವ ಸಲಾಕೆ ಹಿಡಿಕೆಯಲ್ಲ; ಭಾರ ಬಿದ್ದೊಡನೆ ಅದು ಗೋಡೆಯನ್ನೇ ಬಿಟ್ಟು ಕೈಗೆ ಬರುತ್ತದೆ. ಎಣ್ಣೆಸ್ನಾನದ ದಿನ ನೆಲವನ್ನು ಸೀಗೆಪುಡಿಯಿಂದ ಉಜ್ಜದೆ ಮುಂದಿನವರನ್ನು ಒಳಗೆ ಬಿಡಬಾರದು. ಮೊಣಕಾಲು ನೋವಿನವರು ಕುಕ್ಕರಗಾಲಿನಲ್ಲಿ ಕುಳಿತು ಏಳಲಾರರಾದರೆ, ಕಮೋಡಿನ ಕುರ್ಚಿ ತರುವುದಕ್ಕೆ ನಾಚಿಕೆ ಬೇಡ. ಒಳಗಿನಿಂದ ಚಿಲಕ ಹಾಕಿಕೊಳ್ಳದಿರಲಿ. ಬಿದ್ದಾಗ ಬಾಗಿಲು ಒಡೆಯುವುದರಲ್ಲೇ ಅರ್ಧ ಗಂಟೆ ಹೋದ ಮನೆಯನ್ನು ನಾವು ಬಲ್ಲೆವು.

ಜಮಖಾನೆಯ ಮಡಿಚಿದ ಅಂಚು, ಮೊಮ್ಮಕ್ಕಳ ಆಟಿಕೆ, ಮೊಬೈಲು ಚಾರ್ಜಿನ ವಯರು, ಸವೆದ ಹವಾಯಿ ಚಪ್ಪಲಿ, ನೆಲ ಗುಡಿಸುವಷ್ಟು ಉದ್ದದ ಧೋತರ, ಇವೆಲ್ಲ ಮನೆಯ ಹೆಣ್ಣುಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮನೆಯೊಳಗೆ ಚಪ್ಪಲಿ ಬೇಡವೆಂಬವರು, ಒಳಗಿನ ಬಳಕೆಗೆಂದೇ ತೊಳೆದಿಟ್ಟ, ಹಿಮ್ಮಡಿಗೆ ಪಟ್ಟಿಯಿರುವ ಒಂದು ಜೊತೆ ಇಟ್ಟುಕೊಳ್ಳಲಿ. ಅದು ಪೂಜಾಗೃಹದ ಬಾಗಿಲಲ್ಲಿ ನಿಂತರೆ ಸಾಕು.

ಪೂಜೆಯ ಪ್ರಸ್ತಾಪ ಬಂದುದರಿಂದ, ಇತರರು ಹೇಳಲಾರದ, ನಾವೇ ಹೇಳಬೇಕಾದ ಕೆಲವು ಮಾತುಗಳಿವೆ. ನಮ್ಮ ಹಿರಿಯರು ನಸುಕಿನಲ್ಲಿ, ಬರಿಹೊಟ್ಟೆಯಲ್ಲಿ, ತಣ್ಣನೆಯ ನೆಲದ ಮೇಲೆ ಕಾಲು ಮಡಿಚಿ ಗಂಟೆಗಟ್ಟಲೆ ಲಿಂಗಪೂಜೆಗೆ ಕುಳಿತು, ಮುಗಿದೊಡನೆ ಒಮ್ಮೆಲೆ ಎದ್ದುಬಿಡುತ್ತಾರೆ. ಕಾಲಿಗೆ ಜೋಮು ಹಿಡಿದಿರುತ್ತದೆ. ಮೇಲಾಗಿ, ಎದ್ದು ನಿಂತಾಗ ರಕ್ತವು ಕಾಲುಗಳ ಕಡೆಗೆ ಇಳಿದು, ಮಿದುಳಿಗೆ ಒಂದು ಕ್ಷಣ ಕಡಮೆಯಾಗುತ್ತದೆ. ನಿಂತ ಮೂರು ನಿಮಿಷಗಳೊಳಗೆ ಮೇಲಿನ ರಕ್ತದೊತ್ತಡ 20ರಷ್ಟು ಅಥವಾ ಕೆಳಗಿನದು 10ರಷ್ಟು ಇಳಿದರೆ ಅದನ್ನು ದೋಷವೆಂದೇ ವೈದ್ಯರು ಎಣಿಸುತ್ತಾರೆ. “ಕಣ್ಣಿಗೆ ಕತ್ತಲಿ ಬಂದ್ಹಂಗ ಆತು” ಎಂದು ಹಿರಿಯರು ಹೇಳುವುದು ಇದನ್ನೇ. ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿರೆಂದು ವೈದ್ಯರನ್ನು ನಾವಾಗಿ ಕೇಳಬೇಕು. ಕುರ್ಚಿಯಲ್ಲಿ ಕೂರಿಸಿ ಒಂದೇ ಸಲ ನೋಡಿ ಕಳಿಸುವುದೇ ಹೆಚ್ಚು. ಪೂಜೆಯಿಂದ ಏಳುವಾಗ ಮೊದಲು ಕಾಲು ಚಾಚಿ, ಪಾದಗಳನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ, ಮೊಣಕಾಲ ಮೇಲೆ ಬಂದು, ಗಟ್ಟಿಯಾದ ಆಸರೆಯನ್ನು ಹಿಡಿದು ಎದ್ದು, ಹಿಡಿದಲ್ಲೇ ಒಂದು ನಿಮಿಷ ನಿಂತು, ಆಮೇಲೆ ಹೆಜ್ಜೆಯಿಡಬೇಕು. ರಾತ್ರಿ ಮೂತ್ರಕ್ಕೆ ಏಳುವಾಗಲೂ ಇದೇ ಕ್ರಮ.

“ಕುರ್ಚಿ ಮ್ಯಾಲೆ ಕುಂತು ಪೂಜಾ ಮಾಡಿದ್ರ ನಡೀತದೇನ್ರಿ?” ಎಂದು ನಮ್ಮನ್ನು ಕೇಳಿದ ಹಿರಿಯರು ಕಡಮೆಯಲ್ಲ. ಕೇಳುವಾಗ ಅವರ ಮುಖದಲ್ಲಿ ಅಪರಾಧಿಯ ಭಾವವಿರುತ್ತದೆ. ಎಡ ಅಂಗೈಯನ್ನೇ ಪೀಠವಾಗಿ ಮಾಡಿಕೊಂಡ ಪೂಜೆಗೆ, ಪೂಜಿಸುವವನು ಕುಳಿತದ್ದು ನೆಲದ ಮೇಲೋ ಕುರ್ಚಿಯ ಮೇಲೋ ಎಂಬುದು ಎಣಿಕೆಗೆ ಬರುವುದಿಲ್ಲ. ನಡೆಯುತ್ತದೆ, ಧಾರಾಳವಾಗಿ ನಡೆಯುತ್ತದೆ. ಹಾಗೆಯೇ ಎಂಬತ್ತು ವರ್ಷದವರು ಮೂವತ್ತು ವರ್ಷದ ಸ್ವಾಮಿಗಳಿಗೆ ಸಾಷ್ಟಾಂಗ ಹಾಕಿ, ಏಳುವಾಗ ತೂರಾಡುವುದನ್ನು ನೋಡಿದಾಗ ನಮಗೆ ಸಂಕಟವಾಗುತ್ತದೆ. “ನಿಂತೇ ಕೈಮುಗಿಯಿರಿ ತಾಯಿ” ಎಂಬ ಮಾತು ಪೀಠದ ಕಡೆಯಿಂದಲೇ ಮೊದಲು ಬರಬೇಕು. ಇನ್ನು ಉಪವಾಸ. ಶಿವರಾತ್ರಿಯ ಜಾಗರಣೆಯ ದಿನ ಅನ್ನ ಬಿಟ್ಟು, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಮಾತ್ರ ಬಿಡದೆ ನುಂಗಿದವರು ಮರುದಿನ ತಲೆಸುತ್ತಿ ಬೀಳುವುದುಂಟು. ಉಪವಾಸಕ್ಕೆ ಮುಂಚೆ ಒಂದು ಮಾತು ವೈದ್ಯರನ್ನು ಕೇಳಿದರೆ ವ್ರತಕ್ಕೆ ಭಂಗವಿಲ್ಲ.

ಗುಳಿಗೆಗಳ ವಿಷಯ ಚುಟುಕಾಗಿ ಹೇಳಬಹುದು. ನಿದ್ರೆಗುಳಿಗೆ, ಬಿಪಿಯ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಪ್ರಾಸ್ಟೇಟಿನ ಗುಳಿಗೆ, ಇವೆಲ್ಲ ತೂಕ ತಪ್ಪಿಸಬಲ್ಲವು. ನಾಲ್ವರು ವೈದ್ಯರು ನಾಲ್ಕು ಚೀಟಿ ಬರೆದಿರುತ್ತಾರೆ; ನಾಲ್ಕನ್ನೂ ಕೂಡಿಸಿ ನೋಡಿದವರು ಯಾರೂ ಇರುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಗುಳಿಗೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಒಬ್ಬ ನಂಬಿಕೆಯ ವೈದ್ಯರ ಮೇಜಿನ ಮೇಲೆ ಸುರಿದು, ಯಾವುದನ್ನು ಬಿಡಬಹುದೆಂದು ಕೇಳಬೇಕು. ತಾವಾಗಿಯೇ ಬಿಡುವುದು ಸಲ್ಲದು. ಶಕ್ತಿ ಬರಲೆಂದು ಡಿ ಜೀವಸತ್ವವನ್ನು ಮನಸೋ ಇಚ್ಛೆ ನುಂಗುವುದೂ ಸಲ್ಲದು. ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ ಮಹಿಳೆಯರಿಗೆ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ಟಿನ ಭಾರಿ ಪ್ರಮಾಣ ಕೊಟ್ಟು ನೋಡಿದಾಗ, ಅವರು ಕಡಮೆ ಬೀಳುವ ಬದಲು ಹೆಚ್ಚು ಬಿದ್ದರೆಂದು 2010ರಲ್ಲಿ ವರದಿಯಾಯಿತು. ಕಣ್ಣಿನ ಪೊರೆಯನ್ನು ಮಾತ್ರ ಮುಂದೂಡಬಾರದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ಎಪ್ಪತ್ತು ದಾಟಿದ ಮಹಿಳೆಯರ ಮೊದಲ ಕಣ್ಣಿನ ಪೊರೆಯನ್ನು ತಡಮಾಡದೆ ತೆಗೆದಾಗ ಬೀಳುವಿಕೆ ಮೂರನೆಯ ಒಂದು ಪಾಲಿನಷ್ಟು ಇಳಿಯಿತೆಂಬುದು 2005ರಲ್ಲಿ ಪ್ರಕಟವಾದ ಫಲಿತಾಂಶ. “ಪೂರಾ ಹಣ್ಣಾಗಲಿ, ಆಮ್ಯಾಲೆ ತೆಗಸೋಣ” ಎಂಬುದು ಹಳೆಯ ಕಾಲದ ಮಾತು.

ನಮ್ಮ ಹಿರಿಯಕ್ಕನಿಗೆ ಈಗ ಎಪ್ಪತ್ತಮೂರು. ಊರಿನ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಮಗ, ಸೊಸೆ ಬೆಂಗಳೂರಿನಲ್ಲಿ. ಮೂರು ವರ್ಷದ ಹಿಂದೆ ಯುಗಾದಿಗೆ ಹೋದಾಗ ಅವಳ ಮೊಣಕೈಯ ಮೇಲೆ ಹಸಿರುಗಟ್ಟಿದ ಗಾಯವನ್ನು ಕಂಡು ಕೇಳಿದೆವು. ಮೊದಲು ಬಾಗಿಲು ತಗುಲಿತೆಂದಳು. ಆಮೇಲೆ ಸೆರಗಿನಿಂದ ಮುಚ್ಚಿಕೊಂಡು ಮೆಲ್ಲಗೆ ಹೇಳಿದಳು: “ತಮ್ಮಾ, ಎರಡು ಸಲ ಬಿದ್ದೇನಿ. ಅವನಿಗೆ ಹೇಳಬ್ಯಾಡ. ಹೇಳಿದ್ರ ಮನಿಗೆ ಕೀಲಿ ಹಾಕಿ ನನ್ನ ಕರಕೊಂಡು ಹೋಗ್ತಾನ.” ಈ ಮಾತನ್ನು ಓದುವ ಮಕ್ಕಳು ಸ್ವಲ್ಪ ಯೋಚಿಸಬೇಕು. ಹಿರಿಯರು ಬಿದ್ದದ್ದನ್ನು ಮುಚ್ಚಿಡುವುದು ಮರೆವಿನಿಂದಲ್ಲ. ಹೇಳಿದರೆ ತಮ್ಮ ಸ್ವಾತಂತ್ರ್ಯ ಹೋಗುವುದೆಂಬ ಅಂಜಿಕೆಯಿಂದ. ಒಮ್ಮೆ ಬಿದ್ದವರು ಮತ್ತೊಮ್ಮೆ ಬೀಳುವ ಸಂಭವ ಹೆಚ್ಚು. ಆದುದರಿಂದ ಆ ಮೊದಲನೆಯ, ಪೆಟ್ಟಾಗದ ಬೀಳುವಿಕೆಯೇ ನಮಗೆ ಸಿಗುವ ಮುನ್ಸೂಚನೆ. ಗದರಿಸುವ ಮನೆಯಲ್ಲಿ ಆ ಸೂಚನೆ ಯಾರಿಗೂ ಸಿಗುವುದಿಲ್ಲ.

ಅಕ್ಕ ಇನ್ನೊಂದನ್ನೂ ಮಾಡಿದ್ದಳು. ಬೀಳುವ ಭಯದಿಂದ ಹೊಲಕ್ಕೆ ಹೋಗುವುದನ್ನು, ಗುಡಿಗೆ ಹೋಗುವುದನ್ನು, ಕೊನೆಗೆ ಹಿತ್ತಲಿಗೆ ಹೋಗುವುದನ್ನೂ ಬಿಟ್ಟಿದ್ದಳು. ಭಯದಿಂದ ಕುಳಿತವರ ಕಾಲು ಇನ್ನಷ್ಟು ಸೊರಗುತ್ತದೆ; ಸೊರಗಿದ ಕಾಲು ಇನ್ನಷ್ಟು ಬೀಳಿಸುತ್ತದೆ. “ವಯಸ್ಸಾಯಿತು, ಸುಮ್ಮನೆ ಕೂತಿರಿ” ಎಂದು ಹಿರಿಯರನ್ನು ಪ್ರೀತಿಯಿಂದ ಕೂರಿಸುವವರು ತಿಳಿಯದೆ ಅವರ ಕಾಲನ್ನು ಕಿತ್ತುಕೊಳ್ಳುತ್ತಿರುತ್ತಾರೆ. ಕಾಯಕವನ್ನು ಜೀವನದ ಉಸಿರೆಂದು ಬಗೆದ ಪರಂಪರೆಯವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.

ನಮ್ಮ ಪರಿಚಯದ, ವ್ಯಾಯಾಮ ಚಿಕಿತ್ಸೆಯನ್ನು ಓದಿದ ಹೆಣ್ಣುಮಗಳೊಬ್ಬಳು ಅಕ್ಕನನ್ನು ಪರೀಕ್ಷಿಸಿದ ರೀತಿ ಬಹಳ ಸರಳ. ಕುರ್ಚಿಯಿಂದ ಏಳುವುದು, ಮೂರು ಮೀಟರು ನಡೆಯುವುದು, ತಿರುಗಿ ಬಂದು ಕುಳಿತುಕೊಳ್ಳುವುದು. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ತಿಳಿಯಬೇಕಂತೆ. ಅಕ್ಕನಿಗೆ ಹತ್ತೊಂಬತ್ತು ಹಿಡಿಯಿತು. ಮನೆಯಲ್ಲಿ ಗಡಿಯಾರವಿರುವ ಯಾರೂ ಇದನ್ನು ಮಾಡಿ ನೋಡಬಹುದು. ಪಕ್ಕದಲ್ಲಿ ಒಬ್ಬರು ನಿಂತಿರಬೇಕಷ್ಟೆ. ಆಮೇಲೆ ಅವಳಿಗೆ ಹೇಳಿಕೊಟ್ಟದ್ದು: ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು; ಅಡುಗೆಕಟ್ಟೆಯನ್ನು ಹಿಡಿದು ತುದಿಗಾಲಲ್ಲಿ ನಿಲ್ಲುವುದು, ಹಿಮ್ಮಡಿಯ ಮೇಲೆ ನಿಲ್ಲುವುದು; ಗೋಡೆಯ ಪಕ್ಕದಲ್ಲಿ ಒಂದು ಪಾದದ ಮುಂದೆ ಇನ್ನೊಂದು ಪಾದವನ್ನು ತಾಗಿಸಿ ಹಗ್ಗದ ಮೇಲೆ ನಡೆದಂತೆ ನಡೆಯುವುದು; ಕಟ್ಟೆ ಹಿಡಿದು ಒಂಟಿಗಾಲಲ್ಲಿ ನಿಂತು, ಸ್ಥಿರವಾದ ಮೇಲೆ ಎರಡು ಬೆರಳಿನ ಆಸರೆಗೆ ಇಳಿಯುವುದು. ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಎಂಬತ್ತು ದಾಟಿದ ಮಹಿಳೆಯರಿಗೆ ಮನೆಯಲ್ಲಿಯೇ ಮಾಡಿಸಿ ಫಲ ಕಂಡದ್ದು ಇಂಥ ವ್ಯಾಯಾಮಗಳನ್ನೇ. ಒಟ್ಟು 23,407 ಜನರು ಪಾಲ್ಗೊಂಡ 108 ಪ್ರಯೋಗಗಳನ್ನು ಕೂಡಿಸಿ 2019ರಲ್ಲಿ ಮಾಡಿದ ಪರಿಶೀಲನೆಯಲ್ಲಿ, ವ್ಯಾಯಾಮದಿಂದ ಬೀಳುವಿಕೆ ನೂರಕ್ಕೆ 23ರಷ್ಟು ಇಳಿಯುತ್ತದೆಂದು ತಿಳಿದುಬಂದಿದೆ. ಗಮನಿಸಬೇಕಾದದ್ದು, ಬರೀ ನಡಿಗೆ ಇದಕ್ಕೆ ಸಾಲದು. ತೂಕವನ್ನು ಕಾಯ್ದುಕೊಳ್ಳುವ ಅಭ್ಯಾಸ ಬೇಕು, ಕಾಲಿಗೆ ಬಲ ಬೇಕು, ಮತ್ತು ಬಿಟ್ಟರೆ ಫಲವೂ ಬಿಡುತ್ತದೆ. ನಾಲ್ಕು ತಿಂಗಳ ಮೇಲೆ ಅಕ್ಕನಿಗೆ ಹದಿಮೂರು ಸೆಕೆಂಡು ಹಿಡಿಯಿತು.

ಕೋಲು ಹಿಡಿಯಲು ಅವಳು ಒಪ್ಪಲು ಇನ್ನೂ ಎರಡು ತಿಂಗಳು ಬೇಕಾಯಿತು. ಕೋಲು ಮುಪ್ಪಿನ ಗುರುತೆಂದು ನಮ್ಮವರಲ್ಲಿ ಒಂದು ನಾಚಿಕೆಯಿದೆ. ಕೋಲಿಲ್ಲದೆ ಬಿದ್ದವರನ್ನು ನಾಲ್ವರು ಎತ್ತುವಾಗ ಆ ನಾಚಿಕೆ ಎಲ್ಲಿರುತ್ತದೆಯೋ ತಿಳಿಯದು. ಕೋಲಿನ ಹಿಡಿ ನೇರ ನಿಂತಾಗ ಮಣಿಕಟ್ಟಿನ ಎತ್ತರಕ್ಕೆ ಬರಬೇಕು, ತುದಿಗೆ ರಬ್ಬರಿನ ಟೊಪ್ಪಿಗೆ ಇರಬೇಕು, ನೋಯುವ ಕಾಲಿನ ವಿರುದ್ಧ ಕೈಯಲ್ಲಿ ಹಿಡಿಯಬೇಕು. ಈ ಕೊನೆಯದನ್ನು ಬಹುಮಂದಿ ತಿರುಗುಮುರುಗು ಮಾಡುತ್ತಾರೆ. ಬಡ ಕುಟುಂಬಗಳ ಹಿರಿಯರಿಗೆ ಕೋಲು, ವಾಕರ್ ಮುಂತಾದವನ್ನು ಉಚಿತವಾಗಿ ಕೊಡಲು ಕೇಂದ್ರ ಸರಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ ವಿಚಾರಿಸಬಹುದು.

ಎಷ್ಟು ಎಚ್ಚರವಿದ್ದರೂ ಒಮ್ಮೆ ಬೀಳಬಹುದು. ಆಗ ಗಾಬರಿಯಿಂದ ಏಳಲು ಹೋಗದೆ, ಕೈಕಾಲು ಆಡಿಸಿ ನೋಡಿಕೊಳ್ಳಬೇಕು. ನೋವಿಲ್ಲವಾದರೆ ಪಕ್ಕಕ್ಕೆ ಹೊರಳಿ, ಕೈ ಮೊಣಕಾಲುಗಳ ಮೇಲೆ ಅಂಬೆಗಾಲಿನಂತೆ ಬಂದು, ಹತ್ತಿರದ ಗಟ್ಟಿ ಕುರ್ಚಿಯವರೆಗೆ ಸರಿದು, ಅದರ ಮೇಲೆ ಎರಡೂ ಕೈಯೂರಿ, ಬಲವಾದ ಕಾಲನ್ನು ಮುಂದಿಟ್ಟು, ಮೆಲ್ಲಗೆ ಎದ್ದು ಕುಳಿತುಕೊಳ್ಳಬೇಕು. ಏಳಲಾಗದಿದ್ದರೆ ಮೈ ಬೆಚ್ಚಗಿಟ್ಟುಕೊಂಡು ಕೂಗಬೇಕು. ಒಬ್ಬರೇ ಇರುವವರು ಮೊಬೈಲನ್ನು ಕೊರಳಿಗೆ ದಾರದಲ್ಲಿ ಕಟ್ಟಿಕೊಂಡಿರಲಿ. ಗೂಟಕ್ಕೆ ನೇತುಹಾಕಿದ ಮೊಬೈಲು ನೆಲದ ಮೇಲಿರುವವರಿಗೆ ನಿಲುಕುವುದಿಲ್ಲ. ತಲೆಗೆ ಪೆಟ್ಟಾಗಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಾಗಿದ್ದರೆ, ಏನೂ ಆಗಿಲ್ಲವೆನಿಸಿದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಲೆಯೊಳಗೆ ರಕ್ತ ನಿಧಾನವಾಗಿ ಒಸರಿ, ವಾರಗಳ ಮೇಲೆ ಮಂಪರು, ತಲೆನೋವು, ಮಾತಿನ ತೊದಲಾಗಿ ಕಾಣಿಸಿಕೊಳ್ಳುವುದುಂಟು.

ಅಕ್ಕನ ಬಚ್ಚಲಿಗೆ ಈಗ ಹಿಡಿಕೆಗಳಾಗಿವೆ. ಮಗನೇ ಬಂದು ಹಾಕಿಸಿಕೊಟ್ಟು, ಅವಳನ್ನು ಊರಿನಲ್ಲಿಯೇ ಬಿಟ್ಟು ಹೋಗಿದ್ದಾನೆ. ಮತ್ತೆ ಗುಡಿಗೆ ಹೋಗುತ್ತಾಳೆ, ಕೋಲನ್ನು ಕಟ್ಟೆಗೆ ಒರಗಿಸಿ ಮಾತಿಗೆ ಕೂರುತ್ತಾಳೆ. ಒಂದು ವಿಷಯದಲ್ಲಿ ಮಾತ್ರ ಅವಳನ್ನು ಗೆಲ್ಲುವುದು ನಮ್ಮಿಂದ ಇನ್ನೂ ಆಗಿಲ್ಲ. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯಿಡೀ ಉರಿಯಲೆಂದು ಸಣ್ಣ ದೀಪವೊಂದನ್ನು ಹಾಕಿಸಿದ್ದೇವೆ. ನಾವು ಹೋದಾಗ ಅದು ಉರಿಯುತ್ತದೆ; ನಾವಿಲ್ಲದಾಗ ಆರಿರುತ್ತದೆಂದು ಪಕ್ಕದ ಮನೆಯ ಹುಡುಗಿ ಹೇಳುತ್ತಾಳೆ. ಕೇಳಿದರೆ ಅಕ್ಕನ ಉತ್ತರ: “ಐವತ್ತು ವರ್ಷ ಈ ಮನ್ಯಾಗ ಕತ್ತಲದಾಗ ಅಡ್ಡಾಡೇನಿ ತಮ್ಮಾ, ನೆಲಕ್ಕ ನನ್ನ ಗುರುತದ.” ಬರುವ ಅಮಾವಾಸ್ಯೆಗೆ ಹೋದಾಗ ಈ ಮಾತನ್ನು ಅವಳೊಡನೆ ಇನ್ನೊಮ್ಮೆ ಎತ್ತಬೇಕೆಂದಿದ್ದೇವೆ.